ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ: ಹಳೇ ಪುಸ್ತಕಗಳನ್ನು ಮತ್ತೆ ಬಿಚ್ಚಿದ ಕಾಲ

ಹೋದ ಸಂಚಿಕೆಯಲ್ಲಿ ಯುರೋಪಿನ ಪುನರುಜ್ಜೀವನದ ಬಗ್ಗೆ, ಅಂದರೆ ಹಳೇ ಗ್ರೀಕ್, ರೋಮನ್ ಪುಸ್ತಕಗಳನ್ನು ಮತ್ತೆ ಓದಿ ವಿದ್ಯೆ, ಕಲೆ ಚಿಗುರಿದ ಕಾಲದ ಬಗ್ಗೆ, ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಮೈಸೂರು, ಮಂಡ್ಯ ಕಡೆಯಿಂದಲೇ ಇಷ್ಟೊಂದು ಪತ್ರ ಬಂದಿವೆ. ಖುಷಿಯಾಯಿತು. ಈ ಸಲ ಪೂರ್ತಿ ಪುಟ ಅದಕ್ಕೇ ಇಟ್ಟಿದ್ದೇನೆ. ಕೆಲವು ಉತ್ತರ ಉದ್ದ, ಕೆಲವು ಗಿಡ್ಡ. ಪ್ರಶ್ನೆ ಎಳೆದಷ್ಟು ಎಳೆದಿದ್ದೇನೆ.

ಮೇಷ್ಟ್ರೇ, ನಮ್ಮ ಗೈಡ್‌ನಲ್ಲಿ "1453ರಲ್ಲಿ ಟರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದರು, ಅಲ್ಲಿನ ಪಂಡಿತರು ಪುಸ್ತಕ ಹೊತ್ತುಕೊಂಡು ಇಟಲಿಗೆ ಓಡಿ ಬಂದರು, ಹಾಗಾಗಿ ಪುನರುಜ್ಜೀವನ ಶುರುವಾಯಿತು" ಅಂತ ಇದೆ. ಒಂದು ಊರು ಸೋತಿದ್ದಕ್ಕೆ ಇಷ್ಟೆಲ್ಲ ಆಗುತ್ತದಾ? ಪರೀಕ್ಷೆಗೆ ಏನು ಬರೆಯಲಿ?
— ಪಿಯುಸಿ ವಿದ್ಯಾರ್ಥಿನಿ, ಮಂಡ್ಯ

ನಿನ್ನ ಅನುಮಾನ ಸರಿಯಾಗಿದೆ ಮಗಳೇ. ಕಾನ್‌ಸ್ಟಾಂಟಿನೋಪಲ್ ಅಂದರೆ ಈಗಿನ ಇಸ್ತಾಂಬುಲ್, ಆಗ ಗ್ರೀಕ್ ಪಂಡಿತರಿದ್ದ ಊರು. ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡು, ಸಾಕು. ಪೆಟ್ರಾರ್ಕ್ ಎಂಬ ಕವಿ ಇಟಲಿಯ ವೆರೋನಾದಲ್ಲಿ ಪುರಾತನ ರೋಮಿನ ಲೇಖಕ ಸಿಸೆರೋನ ಹಳೇ ಪತ್ರಗಳನ್ನು ಹುಡುಕಿ ತೆಗೆದದ್ದು 1345ರಲ್ಲಿ. ಕ್ರಿಸೊಲೊರಾಸ್ ಎಂಬ ಗ್ರೀಕ್ ಪಂಡಿತ ಇಟಲಿಯ ಫ್ಲಾರೆನ್ಸ್‌ ಊರಿಗೆ ಬಂದು ಪಾಠ ಶುರು ಮಾಡಿದ್ದು 1397ರಲ್ಲಿ. ಅವನೇನು ಓಡಿ ಬಂದವನಲ್ಲ, ಫ್ಲಾರೆನ್ಸಿನವರೇ ಕಾಗದ ಬರೆದು ಕರೆಸಿಕೊಂಡರು. ಪೊಜ್ಜೊ ಎಂಬ ಗುಮಾಸ್ತ ಮಠಗಳ ಕಪಾಟು ತಡಕುತ್ತಾ ಹೋಗಿ ರೋಮನ್ ಕವಿ ಲುಕ್ರೀಷಿಯಸ್‌ನ ಮರೆತುಹೋದ ಕಾವ್ಯ ಪತ್ತೆ ಮಾಡಿದ್ದು 1417ರಲ್ಲಿ. ಇಷ್ಟೂ 1453ಕ್ಕಿಂತ ಮುಂಚೆ ಆದದ್ದು, ಅಲ್ವಾ?

ಹಾಗಂತ 1453 ಸುಳ್ಳು ಅಂತಲ್ಲ. ಆಮೇಲೆ ಗ್ರೀಕ್ ಪುಸ್ತಕಗಳು ಇನ್ನೂ ಜಾಸ್ತಿ ಬಂದವು. ಬೆಸ್ಸಾರಿಯನ್ ಎಂಬ ಗ್ರೀಕ್ ಪಾದ್ರಿ ತನ್ನ ಇಡೀ ಪುಸ್ತಕ ಸಂಗ್ರಹವನ್ನು 1468ರಲ್ಲಿ ವೆನಿಸ್‌ಗೆ ಕೊಟ್ಟುಬಿಟ್ಟ. ಉರಿಯುತ್ತಿದ್ದ ಒಲೆಗೆ ಸೌದೆ ಬಿತ್ತು. ಒಲೆ ಹಚ್ಚಿದವರು ಬೇರೆ, ಅಷ್ಟೆ.

ಹಾಗಾದರೆ ಹಚ್ಚಿದ್ದು ಯಾವುದು? ನಾನು ಮೊದಲು ದುಡ್ಡು ಅಂತೀನಿ. ಫ್ಲಾರೆನ್ಸ್ ಉಣ್ಣೆ ಬಟ್ಟೆ ನೇಯ್ದು, ಬಣ್ಣ ಹಾಕಿ, ಮಾರಿ ಬದುಕಿದ ಊರು. ಅಲ್ಲಿನ ಲೇವಾದೇವಿಗಾರರು ದೊರೆಗಳಿಗೇ ಸಾಲ ಕೊಡುತ್ತಿದ್ದರು. 1252ರಿಂದ ಅವರ ಚಿನ್ನದ ನಾಣ್ಯ ಯುರೋಪಿನಲ್ಲೆಲ್ಲ ಓಡಾಡಿತು. ಪಕ್ಕದ ಊರಿನವರಿಗಿಂತ ದೊಡ್ಡ ದೇವಾಲಯ ಕಟ್ಟಬೇಕು, ಒಳ್ಳೇ ವಿಗ್ರಹ ನಿಲ್ಲಿಸಬೇಕು ಎಂಬ ಪೈಪೋಟಿ ಬೇರೆ. ಎರಡನೆಯದು ಕಾಗದ. ಇಟಲಿಯ ಫಾಬ್ರಿಯಾನೋದಲ್ಲಿ 13ನೇ ಶತಮಾನದಲ್ಲೇ ಕಾಗದದ ಗಿರಣಿಗಳಿದ್ದವು. ಒಂದು ದೊಡ್ಡ ಬೈಬಲ್ ಚರ್ಮದ ಮೇಲೆ ಬರೆಯಬೇಕು ಅಂದರೆ ನೂರಕ್ಕೂ ಹೆಚ್ಚು ಕರುಗಳ ಚರ್ಮ ಬೇಕು. ಕಾಗದ ಅಗ್ಗವಾದ ಮೇಲೆ ಬರೆದು, ಹೊಡೆದು ಹಾಕಿ, ಮತ್ತೆ ಬರೆಯುವ ಧೈರ್ಯ ಜನಕ್ಕೆ ಬಂತು. ಗುಟೆನ್‌ಬರ್ಗ್ 1455ರ ಸುಮಾರಿಗೆ ಜರ್ಮನಿಯ ಮೈಂಟ್ಸ್‌ನಲ್ಲಿ ಬೈಬಲ್ ಅಚ್ಚು ಹಾಕಿದಾಗ ಸುಮಾರು 180 ಪ್ರತಿ ಒಟ್ಟಿಗೇ ಬಂದವು. 1500ರ ಹೊತ್ತಿಗೆ 200ಕ್ಕೂ ಹೆಚ್ಚು ಊರುಗಳಲ್ಲಿ ಅಚ್ಚುಕೂಟ!

ಆದರೆ ದುಡ್ಡು, ಕಾಗದ ಇದ್ದ ಮಾತ್ರಕ್ಕೆ ಆಗಿಬಿಡುವುದಿಲ್ಲ. ಪೆಟ್ರಾರ್ಕ್‌ನ ಕೈಗೆ ಒಮ್ಮೆ ಪುರಾತನ ಮಹಾಕವಿ ಹೋಮರನ ಗ್ರೀಕ್ ಪುಸ್ತಕ ಬಂತು. ಅವನಿಗೆ ಗ್ರೀಕ್ ಬಾರದು. ಓದಲಾಗದೆ ಅದನ್ನು ಎದೆಗೆ ಅಪ್ಪಿಕೊಂಡು ನಿಟ್ಟುಸಿರು ಬಿಟ್ಟೆ ಅಂತ ತಾನೇ ಪತ್ರದಲ್ಲಿ ಬರೆದುಕೊಂಡಿದ್ದಾನೆ. ಗೊತ್ತಿಲ್ಲದ್ದನ್ನು ತಿಳಿಯಲೇಬೇಕು ಎಂಬ ಆ ಹಸಿವು ಒಬ್ಬರಿಂದ ಇನ್ನೊಬ್ಬರಿಗೆ ಹರಡಿದ್ದೇ ದೊಡ್ಡ ಕಾರಣ ಅಂತ ನನ್ನ ಲೆಕ್ಕ. ಪರೀಕ್ಷೆಯಲ್ಲಿ 1453 ಒಂದು ಕಾರಣ ಅಂತ ಬರಿ. ಅದೊಂದೇ ಕಾರಣ ಅಂತ ಬರಿಯಬೇಡ. ಜೊತೆಗೆ ವ್ಯಾಪಾರ, ಕಾಗದ, ಅಚ್ಚು ಸೇರಿಸು.

ನಾನು ಗಾರೆ ಕೆಲಸದವನು ಸಾರ್, ಓದಿರುವುದು ಏಳನೇ ಕ್ಲಾಸು. ಇಟಲಿಯಲ್ಲಿ ಸೆಂಟ್ರಿಂಗ್ ಹೊಡೆಯದೆ ದೊಡ್ಡ ಗುಮ್ಮಟ ಕಟ್ಟಿದರು ಅಂತ ಹೋದ ಸಲ ಬರೆದಿದ್ದಿರಿ. ಅದು ಹೇಗೆ ನಿಂತಿತು? ನಂಬೋಕಾಗಲ್ಲ.
— ಮೇಸ್ತ್ರಿ, ಶ್ರೀರಂಗಪಟ್ಟಣ

ಮೇಸ್ತ್ರಿಗಳೇ, ಬಂದ ಪತ್ರಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ನಿಮ್ಮದು. ಆಗಿನ ಫ್ಲಾರೆನ್ಸಿನವರೂ ನಿಮ್ಮ ಹಾಗೆಯೇ "ನಂಬೋಕಾಗಲ್ಲ" ಅಂದಿದ್ದರು.

ಕತೆ ಹೀಗಿದೆ. ಊರಿನವರು ದೊಡ್ಡ ಚರ್ಚು ಕಟ್ಟುತ್ತಾ ಬಂದರು, ಗುಮ್ಮಟ ಕೂರಬೇಕಾದ ಎಂಟು ಮೂಲೆಯ ಗೋಡೆ ನೆಲದಿಂದ 50 ಮೀಟರ್‌ಗೂ ಮೇಲಕ್ಕೆ ಬಂತು, ಆದರೆ ಅದರ ಬಾಯಿ ಸುಮಾರು 45 ಮೀಟರ್ ಅಗಲ, ಅಷ್ಟಗಲಕ್ಕೆ ಗುಮ್ಮಟ ಎತ್ತುವುದು ಹೇಗೆ ಅಂತ ಯಾರಿಗೂ ಗೊತ್ತಿರಲಿಲ್ಲ. ನೆಲದಿಂದ ಮರದ ಸೆಂಟ್ರಿಂಗ್ ಎಬ್ಬಿಸೋಣ ಅಂದರೆ ಅಷ್ಟು ಉದ್ದನೆ ಮರ ಎಲ್ಲಿಂದ ತರುವುದು? 1418ರಲ್ಲಿ ಪೈಪೋಟಿ ಕರೆದರು. ಬ್ರುನೆಲೆಸ್ಕಿ ಎಂಬಾತ "ಸೆಂಟ್ರಿಂಗೇ ಬೇಡ" ಅಂದ. ಅವನು ಕಲಿತ ಕಸುಬು ಅಕ್ಕಸಾಲಿಗನದು. 1420ರಲ್ಲಿ ಕೆಲಸ ಶುರು, 1436ಕ್ಕೆ ಗುಮ್ಮಟ ಮುಗಿಯಿತು.

ಈಗ ಒಳಗುಟ್ಟು. ಇಟ್ಟಿಗೆ ವರಸೆ ಒಂದು ಸುತ್ತು ಪೂರ್ತಿ ಬಂದು ಕೂಡಿಕೊಂಡರೆ ಅದು ಒಳಕ್ಕೆ ಬೀಳುವುದಿಲ್ಲ, ಒಂದನ್ನೊಂದು ಒತ್ತಿ ಹಿಡಿಯುತ್ತದೆ. ಇದು ನಿಮಗೆ ಗೊತ್ತಿರುವುದೇ. ತಾಪತ್ರಯ ಇರುವುದು ಸುತ್ತು ಮುಗಿಯುವುದಕ್ಕೆ ಮುಂಚೆ. ಮೇಲೆ ಹೋದಷ್ಟೂ ಗೋಡೆ ಒಳಕ್ಕೆ ವಾಲುತ್ತದೆ, ಗಾರೆ ಇನ್ನೂ ಹಸಿ, ಇಟ್ಟಿಗೆ ಜಾರುತ್ತದೆ. ಅದಕ್ಕೆ ಅವನು ಮಲಗಿಸಿದ ಇಟ್ಟಿಗೆಗಳ ನಡುನಡುವೆ ಒಂದೊಂದು ಇಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ. ಆ ನಿಂತ ಇಟ್ಟಿಗೆಯ ಕಾಲು ಗಟ್ಟಿಯಾದ ಕೆಳಗಿನ ವರಸೆಯೊಳಗೆ, ತಲೆ ಮೇಲಿನ ವರಸೆಯಲ್ಲಿ. ಎರಡು ನಿಂತ ಇಟ್ಟಿಗೆಗಳ ಮಧ್ಯೆ ನಾಲ್ಕೈದು ಮಲಗಿದ ಇಟ್ಟಿಗೆ ಸಿಕ್ಕಿಕೊಂಡರೆ ಅವು ಜಾರುವುದೆಲ್ಲಿಗೆ? ಸಣ್ಣ ಸಣ್ಣ ಕಮಾನು ಕೂರಿಸಿದ ಹಾಗೆ. ನಿಂತ ಇಟ್ಟಿಗೆಗಳ ಸಾಲು ಮೇಲಕ್ಕೆ ಹೋಗುತ್ತಾ ಓರೆಯಾಗಿ ಸುತ್ತಿಕೊಳ್ಳುತ್ತದೆ, ನೋಡಲು ಮೀನಿನ ಮುಳ್ಳಿನಂತೆ ಕಾಣುತ್ತದೆ.

ಇನ್ನೊಂದು, ಗುಮ್ಮಟ ಒಂದಲ್ಲ, ಎರಡು. ಒಳಗಿನದು 2 ಮೀಟರ್‌ಗಿಂತ ದಪ್ಪ, ಹೊರಗಿನದು ತೆಳು, ನಡುವೆ ಸಂದು. ಹಾಗಾಗಿ ತೂಕ ಇಳಿಯಿತು. ಆ ಸಂದಿನಲ್ಲೇ ಮೆಟ್ಟಿಲು ಹತ್ತಿ ಜನ ಈಗಲೂ ಮೇಲೆ ಹೋಗುತ್ತಾರೆ, 463 ಮೆಟ್ಟಿಲು. ಬುಡ ಹೊರಕ್ಕೆ ಬಿರಿಯದಿರಲಿ ಅಂತ ಕಲ್ಲಿನ ತೊಲೆಗಳಿಗೆ ಕಬ್ಬಿಣದ ಕೊಂಡಿ ಹಾಕಿ ಸುತ್ತಲೂ ಪಟ್ಟಿ ಕಟ್ಟಿದ್ದಾನೆ, ಒಂದು ಸುತ್ತು ಮರದ ಪಟ್ಟಿಯೂ ಇದೆ. ನಮ್ಮ ವಿಜಯಪುರದ ಗೋಳಗುಮ್ಮಟ 1656ರದ್ದು, ಅಲ್ಲಿ ಭಾರ ಹೊರುವುದು ಒಂದನ್ನೊಂದು ಹಾದುಹೋಗುವ ದೊಡ್ಡ ಕಮಾನುಗಳು. ಬೇರೆ ಉಪಾಯ, ಅದೂ ನೋಡತಕ್ಕದ್ದೇ.

ಸಾಮಾನು ಮೇಲೆತ್ತಲು ಅವನು ಎತ್ತು ಕಟ್ಟಿ ತಿರುಗಿಸುವ ಯಂತ್ರ ಮಾಡಿದ. ಎತ್ತು ಒಂದೇ ದಿಕ್ಕಿಗೆ ನಡೆಯುತ್ತಿರುತ್ತದೆ. ಹೊರೆ ಇಳಿಸಬೇಕಾದಾಗ ನೊಗ ಬಿಚ್ಚಿ ಎತ್ತನ್ನು ತಿರುಗಿಸಿ ಕಟ್ಟಬೇಕಿಲ್ಲ, ಹಲ್ಲಿನ ಚಕ್ರ ಒಂದನ್ನು ಬದಲಿಸಿದರೆ ಹಗ್ಗ ಹಿಂದಕ್ಕೆ ಬರುತ್ತದೆ. ಎತ್ತು ಕಟ್ಟಿ ಗೊತ್ತಿರುವ ನಮ್ಮ ಕಡೆಯವರಿಗೆ ಇದರಲ್ಲಿ ಉಳಿಯುವ ಸಮಯ ಎಷ್ಟು ಅಂತ ಹೇಳಬೇಕಿಲ್ಲ. ಮುಂದೆ ಚಿತ್ರಕಾರ ಲಿಯೊನಾರ್ಡೊ ಡಾ ವಿಂಚಿ ತರುಣನಾಗಿದ್ದಾಗ ಇದೇ ಯಂತ್ರಗಳ ಚಿತ್ರ ಬರೆದುಕೊಂಡ.

ನಿಮಗೆ ಇಷ್ಟು ಉದ್ದ ಬರೆಯಲು ಕಾರಣ ಇದೆ. ಬ್ರುನೆಲೆಸ್ಕಿಯ ಗೆಳೆಯ ಟೊಸ್ಕನೆಲ್ಲಿ ದೊಡ್ಡ ಗಣಿತದವನು. ಕರಣೆ ಹಿಡಿಯುವವರ ನಡುವೆ ಕೆಲಸ ಮಾಡುವವನೂ ಪುಸ್ತಕ ಹಿಡಿದವನೂ ಕೂತು ಮಾತಾಡುತ್ತಿದ್ದರು. ಗುಮ್ಮಟ ಎದ್ದ ಮೇಲೆ, 1475ರ ಸುಮಾರಿಗೆ, ಅದೇ ಟೊಸ್ಕನೆಲ್ಲಿ ಅದರ ತುದಿಯಲ್ಲೊಂದು ತೂತು ಮಾಡಿಸಿ, ಕೆಳಗೆ ನೆಲದ ಮೇಲೆ ಬೀಳುವ ಬಿಸಿಲು ನೋಡಿ ಸೂರ್ಯನ ನಡೆ ಅಳೆದ. ಆ ಕಾಲದ ಜೀವಾಳ ಇಲ್ಲಿದೆ ಅಂತ ನನ್ನ ಅಭಿಪ್ರಾಯ. ಓದು ಒಂದು ಬೀದಿಯಲ್ಲಿ, ಕೈಕೆಲಸ ಇನ್ನೊಂದು ಬೀದಿಯಲ್ಲಿ ಇದ್ದಿದ್ದರೆ ಆ ಗುಮ್ಮಟ ಏಳುತ್ತಿರಲಿಲ್ಲ.

ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಯುರೋಪಿನ ಪುನರುಜ್ಜೀವನಕ್ಕೆ ನಮ್ಮ ದೇಶದಿಂದ ಏನಾದರೂ ಹೋಗಿತ್ತೆ? ವಾಟ್ಸಾಪ್‌ನಲ್ಲಿ ಎಲ್ಲವೂ ನಮ್ಮಿಂದಲೇ ಹೋಯಿತು ಅಂತ ಬರುತ್ತದೆ.
— ಓದುಗರು, ಕುವೆಂಪುನಗರ, ಮೈಸೂರು

ಎಲ್ಲವೂ ಹೋಗಲಿಲ್ಲ ಸಾರ್. ಆದರೆ ಹೋದದ್ದು ಸಣ್ಣದಲ್ಲ, ಅದೂ ನಿಮ್ಮ ಕಸುಬಿಗೇ ಸೇರಿದ್ದು. ಅಂಕಿಗಳು.

ಬ್ರಹ್ಮಗುಪ್ತ 628ರಲ್ಲಿ ಸೊನ್ನೆಯನ್ನೂ ಒಂದು ಸಂಖ್ಯೆಯಾಗಿ ತೆಗೆದುಕೊಂಡು ಕೂಡುವ, ಕಳೆಯುವ ನಿಯಮ ಬರೆದ. ನಮ್ಮ ಲೆಕ್ಕದ ಪದ್ಧತಿ ಬಾಗ್ದಾದಿಗೆ ಹೋಯಿತು, 9ನೇ ಶತಮಾನದಲ್ಲಿ ಅಲ್ ಖ್ವಾರಿಜ್ಮಿ ಅದರ ಮೇಲೆ ಅರಬಿಯಲ್ಲಿ ಪುಸ್ತಕ ಬರೆದ. ಅಲ್ಲಿಂದ ಉತ್ತರ ಆಫ್ರಿಕಾದ ಬಂದರುಗಳಿಗೆ. ಪೀಸಾ ಊರಿನ ಫಿಬೊನಾಚಿಯ ಅಪ್ಪ ಅಂಥ ಒಂದು ಬಂದರಿನಲ್ಲಿ ವ್ಯಾಪಾರಿಗಳ ಕಡೆಯ ಅಧಿಕಾರಿ. ಮಗ ಅಲ್ಲೇ ಲೆಕ್ಕ ಕಲಿತ. 1202ರಲ್ಲಿ ಪುಸ್ತಕ ಬರೆದಾಗ ಶುರುವಿನಲ್ಲೇ ಇವು ಭಾರತೀಯರ ಒಂಬತ್ತು ಅಂಕಿಗಳು, ಜೊತೆಗೆ ಸೊನ್ನೆ, ಇವುಗಳಿಂದ ಯಾವ ಸಂಖ್ಯೆಯನ್ನೂ ಬರೆಯಬಹುದು ಅಂತ ಸ್ಪಷ್ಟವಾಗಿ ಹೇಳಿದ.

ಅದನ್ನು ಎಲ್ಲರೂ ಒಪ್ಪಿಕೊಂಡರಾ? ಇಲ್ಲ. 1299ರಲ್ಲಿ ಫ್ಲಾರೆನ್ಸಿನ ಲೇವಾದೇವಿಗಾರರ ಸಂಘ ತನ್ನವರು ಲೆಕ್ಕದ ಪುಸ್ತಕದಲ್ಲಿ ಈ ಅಂಕಿ ಬರೆಯಕೂಡದು ಅಂತ ಕಟ್ಟಳೆ ಮಾಡಿತು. ಸೊನ್ನೆಗೆ ಒಂದು ಬಾಲ ಎಳೆದರೆ ಆರೋ ಒಂಬತ್ತೋ ಆಗಿಬಿಡುತ್ತದೆ ಎಂಬ ಭಯವೂ ಆಗ ಇತ್ತು. ನಾವು ಚೆಕ್ಕಿನ ಮೇಲೆ ಮೊತ್ತವನ್ನು ಅಕ್ಷರದಲ್ಲೂ ಬರೆಯುವುದು ಇಂಥ ಎಚ್ಚರಕ್ಕೇ, ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ರೋಮನ್ ಅಂಕಿಯಲ್ಲಿ ಗುಣಾಕಾರ ಮಾಡಿ ನೋಡಿ, ಸಾಕಾಗಿ ಹೋಗುತ್ತದೆ. ವ್ಯಾಪಾರ ಬೆಳೆದಂತೆ ಹೊಸ ಅಂಕಿ ಗೆದ್ದಿತು. 1494ರಲ್ಲಿ ಪಚೋಲಿ ಎಂಬ ಸನ್ಯಾಸಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ ಗಣಿತದ ಪುಸ್ತಕದಲ್ಲಿ ಜಮೆ ಖರ್ಚನ್ನು ಎರಡೂ ಕಡೆ ಬರೆಯುವ ಪದ್ಧತಿ ವಿವರವಾಗಿ ಬಂತು. ನೀವು ವರ್ಷಗಟ್ಟಲೆ ಟ್ಯಾಲಿ ಮಾಡಿದ್ದು ಅದೇ ಪದ್ಧತಿ.

ಇದರಲ್ಲಿ ನಮಗೆ ಹೆಮ್ಮೆ ಪಡಲು ಬೇಕಾದಷ್ಟಿದೆ. ಇಲ್ಲದ್ದನ್ನು ಸೇರಿಸುವುದು ಬೇಡ. ಅರಬರು ಹೊತ್ತು ತಂದದ್ದನ್ನೂ, ಸ್ಪೇನಿನ ಟೊಲೆಡೊ ಊರಿನಲ್ಲಿ ಕೂತು ಅರಬಿಯಿಂದ ಲ್ಯಾಟಿನ್‌ಗೆ ಪುಸ್ತಕದ ಮೇಲೆ ಪುಸ್ತಕ ತಂದ ಜೆರಾರ್ಡ್‌ನಂಥವರನ್ನೂ ಮರೆತು ಮಾತಾಡಿದರೆ ಅದು ನ್ಯಾಯವಲ್ಲ.

ಲಿಯೊನಾರ್ಡೊ ಡಾ ವಿಂಚಿ ಕನ್ನಡಿಯಲ್ಲಿ ನೋಡಿದರೆ ಮಾತ್ರ ಓದಲು ಬರುವ ಹಾಗೆ ಗುಪ್ತ ಭಾಷೆಯಲ್ಲಿ ಬರೆದಿದ್ದನಂತೆ, ನಿಜವೇ?
— ಓದುಗರು, ಪಾಂಡವಪುರ

ಕನ್ನಡಿ ಬರಹ ನಿಜ. ಗುಪ್ತ ಭಾಷೆ ಅಲ್ಲ. ಭಾಷೆ ಮಾಮೂಲಿ ಇಟಾಲಿಯನ್. ಅವನು ಎಡಚ. ಬಲದಿಂದ ಎಡಕ್ಕೆ ಬರೆದರೆ ಹಸಿ ಮಸಿಯ ಮೇಲೆ ಕೈ ಉಜ್ಜುವುದಿಲ್ಲ. ಬೇರೆಯವರು ಓದಬೇಕಾದಾಗ ಎಲ್ಲರಂತೆ ಬರೆಯುತ್ತಿದ್ದ. ಸುಮಾರು 7,000 ಪುಟ ಉಳಿದಿವೆ: ನೀರಿನ ಸುಳಿ, ಹಕ್ಕಿಯ ರೆಕ್ಕೆ, ಹೃದಯದ ಕವಾಟ, ಎಲ್ಲ ಒಂದೇ ಕೈಯಿಂದ. ಬದುಕಿದ್ದಾಗ ಅವನ್ನು ಅಚ್ಚು ಹಾಕಿಸಲಿಲ್ಲ. ಅದು ಲೋಕಕ್ಕೆ ಆದ ನಷ್ಟ. ಎಷ್ಟೋ ವಿಷಯಗಳನ್ನು ಮುಂದಿನವರು ಮತ್ತೆ ಮೊದಲಿನಿಂದ ಹುಡುಕಬೇಕಾಯಿತು.

ನಾಲ್ವಡಿಯವರ ಕಾಲವನ್ನು ಮೈಸೂರಿನ ಪುನರುಜ್ಜೀವನ ಅಂತ ಭಾಷಣಗಳಲ್ಲಿ ಹೇಳುತ್ತಾರೆ. ಇದು ಬರೀ ಅಭಿಮಾನದ ಮಾತಾ, ನಿಜವಾಗಿ ಹೋಲಿಕೆ ಇದೆಯಾ?
— ಎಂ.ಎ. ವಿದ್ಯಾರ್ಥಿ, ಮಾನಸಗಂಗೋತ್ರಿ

ಇದೆ. ಆದರೆ ಅಣೆಕಟ್ಟು, ಅರಮನೆ ದೀಪದಿಂದ ಶುರು ಮಾಡಬೇಡಿ. ಒಂದು ಓಲೆಗರಿಯ ಕಟ್ಟಿನಿಂದ ಶುರು ಮಾಡಿ.

1891ರಲ್ಲಿ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಮೈಸೂರಿನಲ್ಲಿ ಓರಿಯಂಟಲ್ ಲೈಬ್ರರಿ ಶುರುವಾಯಿತು. ಈಗಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಅದೇ. ಹಳ್ಳಿ, ಮಠ, ಮನೆಗಳ ಅಟ್ಟದಲ್ಲಿ ಹುಳ ಹಿಡಿಯುತ್ತಿದ್ದ ಓಲೆಗರಿಗಳನ್ನು ಕೂಡಿಸುವುದು, ಪಂಡಿತರಿಂದ ಕಾಗದಕ್ಕೆ ಪ್ರತಿ ಮಾಡಿಸುವುದು, ಅಚ್ಚು ಹಾಕಿಸುವುದು. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಒಂದು ಕಟ್ಟು ತಂದುಕೊಟ್ಟರು. ಗ್ರಂಥ ಲಿಪಿ, ಸಂಸ್ಕೃತ. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿದಾಗ ಅದು ಕೌಟಿಲ್ಯನ ಅರ್ಥಶಾಸ್ತ್ರ! ಅಲ್ಲಿಯವರೆಗೆ ಬೇರೆ ಕವಿಗಳು ಅದನ್ನು ಹೆಸರಿಸಿದ್ದು ಗೊತ್ತಿತ್ತು, ಪುಸ್ತಕ ಮಾತ್ರ ಕಳೆದೇ ಹೋಯಿತು ಅಂತ ಎಲ್ಲರೂ ಕೈಬಿಟ್ಟಿದ್ದರು. 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ಭಾರತದವರಿಗೆ ರಾಜ್ಯ ನಡೆಸುವ ಶಾಸ್ತ್ರ ಗೊತ್ತಿರಲಿಲ್ಲ ಅನ್ನುತ್ತಿದ್ದವರ ಬಾಯಿ ಮುಚ್ಚಿತು. ಪೊಜ್ಜೊ 1417ರಲ್ಲಿ ಮಾಡಿದ ಕೆಲಸಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ.

ಓಲೆಗರಿ ಓದುವುದು ಏನು ಕಷ್ಟ ಅಂತ ಕೆಲವರಿಗೆ ಅನ್ನಿಸಬಹುದು. ಕಬ್ಬಿಣದ ಕಂಟದಿಂದ ಗೀಚಿದ ಅಕ್ಷರ ಬರಿಗಣ್ಣಿಗೆ ಕಾಣಿಸುವುದೇ ಇಲ್ಲ, ಎಣ್ಣೆಯಲ್ಲಿ ಕಲಸಿದ ಕಾಡಿಗೆ ಸವರಿ ಒರೆಸಿದಾಗ ಗೀಚಿನೊಳಗೆ ಕಪ್ಪು ಉಳಿದು ಸಾಲು ಎದ್ದು ಬರುತ್ತದೆ. ಪದಕ್ಕೂ ಪದಕ್ಕೂ ನಡುವೆ ಜಾಗ ಬಿಟ್ಟಿರುವುದಿಲ್ಲ. ಗರಿ ಒಣಗಿದ್ದರೆ ಮುಟ್ಟಿದಲ್ಲಿ ಮುರಿಯುತ್ತದೆ, ಹುಳ ಕೊರೆದ ತೂತು ಸರಿಯಾಗಿ ಮುಖ್ಯ ಅಕ್ಷರದ ಮೇಲೇ ಇರುತ್ತದೆ. ನಿಂಬೆ ಹುಲ್ಲಿನಂಥ ಎಣ್ಣೆ ಸವರಿ ಮೆದು ಮಾಡಿ, ಗರಿ ಗರಿ ಬಿಡಿಸಿ, ಆಮೇಲೆ ಓದು. ಇದೂ ಕೈಕೆಲಸವೇ. ಇದನ್ನು ಮಾಡಿದ ಎಷ್ಟೋ ಪಂಡಿತರ, ಬರಹಗಾರರ ಹೆಸರು ನಮಗೆ ಯಾರಿಗೂ ನೆನಪಿಲ್ಲ, ನನಗೆ ಇದು ಸಂಕಟದ ವಿಷಯ.

ಕನ್ನಡಕ್ಕೂ ಹೀಗೇ ಆಯಿತು. ಬಿ.ಎಲ್. ರೈಸ್ ಮೈಸೂರು ಸೀಮೆಯ ಸಾವಿರಾರು ಶಾಸನಗಳನ್ನು ಓದಿಸಿ ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಿದರು. ಪಂಪನ ಭಾರತ 1898ರಲ್ಲಿ ಅಚ್ಚಾಯಿತು. ಅದಕ್ಕೆ ಮುಂಚೆ ನಮ್ಮ ಆದಿಕವಿಯ ಆ ಕಾವ್ಯ ಓಲೆಗರಿ ಇದ್ದವರಿಗೆ ಮಾತ್ರ. ಆರ್. ನರಸಿಂಹಾಚಾರ್ಯರು ಕವಿಗಳ ಚರಿತ್ರೆಯನ್ನೇ ಮೂರು ಸಂಪುಟದಲ್ಲಿ ಕಟ್ಟಿಕೊಟ್ಟರು. ಹಲ್ಮಿಡಿ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರು ಎಂ.ಎಚ್. ಕೃಷ್ಣ.

ಇದರ ಜೊತೆಗೇ ಉಳಿದದ್ದು. 1902ರಲ್ಲಿ ನಮ್ಮ ಮಳವಳ್ಳಿ ಸೀಮೆಯ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು, ಸಿಮೆಂಟಿಲ್ಲದೆ ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲಿ. ಅದರ ನಾಲೆ ನೀರು ಮಂಡ್ಯಕ್ಕೆ ಬಂದು ಕಬ್ಬು ಬೆಳೆದು 1933ರಲ್ಲಿ ಸಕ್ಕರೆ ಕಂಪನಿ ಹುಟ್ಟಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ ದೇಶದಲ್ಲೇ ಮೊದಲನೆಯದು. ವೀಣೆ ಶೇಷಣ್ಣನವರಿಂದ ವಾಸುದೇವಾಚಾರ್ಯರವರೆಗೆ ಸಂಗೀತಗಾರರಿಗೆ ಅರಮನೆ ನೆರಳು. ಚಿತ್ರಕಾರ ಕೆ. ವೆಂಕಟಪ್ಪನವರು ಚಿತ್ರ ಬರೆಯುತ್ತಲೇ ವೀಣೆ ಕಲಿತರು.

ಆದರೂ ಒಂದು ಮಾತು ಬಿಡಬಾರದು. ಈ ಬೆಳಕು ಎಲ್ಲರ ಮನೆಗೂ ಒಂದೇ ಸಮ ಬೀಳಲಿಲ್ಲ. ಓಲೆಗರಿ ಮುಟ್ಟಬಲ್ಲವರು ಯಾರು, ಸರ್ಕಾರಿ ಕೆಲಸದಲ್ಲಿದ್ದವರು ಯಾರು ಎಂಬ ಪ್ರಶ್ನೆ ಅದೇ ಕಾಲದಲ್ಲಿ ಎದ್ದಿತು. ನಾಲ್ವಡಿಯವರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿ ಹಿಂದುಳಿದ ವರ್ಗದವರಿಗೆ ಓದಿನಲ್ಲಿ, ಕೆಲಸದಲ್ಲಿ ಜಾಗ ಸಿಗುವ ದಾರಿ ತೆರೆದರು. ನನ್ನ ಮಟ್ಟಿಗೆ ಅದು ಕಟ್ಟೆಯಷ್ಟೇ ದೊಡ್ಡ ಕೆಲಸ. ನೀವು ಪ್ರಬಂಧ ಬರೆಯುವುದಾದರೆ ಅರ್ಥಶಾಸ್ತ್ರದ ಪಕ್ಕದಲ್ಲೇ ಮಿಲ್ಲರ್ ವರದಿಯನ್ನೂ ಇಟ್ಟುಕೊಂಡು ಬರೆಯಿರಿ. ಫ್ಲಾರೆನ್ಸಿನ ಬಗ್ಗೆಯೂ ಹೀಗೇ ಕೇಳಬೇಕು, ಉಣ್ಣೆ ಹಿಂಜಿದ ಕೂಲಿಯವರಿಗೆ ಏನು ಸಿಕ್ಕಿತು ಅಂತ. ಅವರು 1378ರಲ್ಲಿ ದಂಗೆಯೆದ್ದು ಊರಿನ ಆಡಳಿತವನ್ನೇ ಸ್ವಲ್ಪ ಕಾಲ ಹಿಡಿದಿದ್ದರು.

ಪಾಠ ಮಾಡುವಾಗ ಬರೀ ಗಂಡಸರ ಹೆಸರೇ ಹೇಳುತ್ತಿದ್ದೇನೆ ಅನ್ನಿಸುತ್ತದೆ. ಹೆಣ್ಣುಮಕ್ಕಳು ಇರಲೇ ಇಲ್ಲವೇ?
— ಪ್ರೌಢಶಾಲಾ ಶಿಕ್ಷಕಿ, ಮಳವಳ್ಳಿ

ಇದ್ದರು ಮೇಡಂ, ಬಾಗಿಲು ಮುಚ್ಚಿದ್ದರೂ ಇದ್ದರು. ಕ್ರೆಮೊನಾ ಊರಿನ ಸೊಫೊನಿಸ್ಬಾ ಆಂಗ್ವಿಸ್ಸೋಲಾ ಹೆಸರು ಮಕ್ಕಳಿಗೆ ಹೇಳಿ. ಅಪ್ಪ ಹೆಣ್ಣುಮಕ್ಕಳಿಗೆಲ್ಲ ಓದು, ಚಿತ್ರ ಕಲಿಸಿದ. ಆಗ ಹೆಣ್ಣುಮಕ್ಕಳು ಬಟ್ಟೆಯಿಲ್ಲದ ಮೈಯನ್ನು ನೋಡಿ ಚಿತ್ರ ಕಲಿಯುವಂತಿರಲಿಲ್ಲ. ಅದು ಬಾರದಿದ್ದರೆ ದೊಡ್ಡ ದೊಡ್ಡ ಪುರಾಣದ ಚಿತ್ರಗಳ ಕೆಲಸ ಸಿಗುತ್ತಿರಲಿಲ್ಲ. ಹಾಗಾಗಿ ಅವಳು ಮನೆಯವರನ್ನೇ ಬರೆದಳು. ಅವಳ ತಂಗಿಯರು ಚದುರಂಗ ಆಡುವ 1555ರ ಚಿತ್ರ ಇದೆ. ಒಬ್ಬಳು ಕಾಯಿ ನಡೆಸುತ್ತಿದ್ದಾಳೆ, ಎದುರಿಗಿದ್ದವಳು ಕೈ ಎತ್ತಿ ಏನೋ ಹೇಳಹೊರಟಿದ್ದಾಳೆ, ಚಿಕ್ಕವಳು ನಗು ತಡೆಯಲಾರದೆ ನೋಡುತ್ತಿದ್ದಾಳೆ. ಹೆಣ್ಣುಮಕ್ಕಳು ಬುದ್ಧಿಯ ಆಟ ಆಡುತ್ತಾ ನಗುತ್ತಿರುವ ಚಿತ್ರ, ಅದನ್ನು ಬರೆದವಳೂ ಹೆಣ್ಣು. ಮುಂದೆ ಅವಳು ಸ್ಪೇನಿನ ಅರಮನೆಗೆ ಹೋದಳು. ಅವಳ ನಂತರದ ತಲೆಮಾರಿನ ಆರ್ಟೆಮಿಸಿಯಾ ಜೆಂಟಿಲೆಸ್ಕಿ 1616ರಲ್ಲಿ ಫ್ಲಾರೆನ್ಸಿನ ಚಿತ್ರಕಲಾ ಅಕಾಡೆಮಿಗೆ ಸೇರಿದ ಮೊದಲ ಹೆಣ್ಣು.

ನಮ್ಮಲ್ಲೇ ನೋಡಿ. ಚಿಕ್ಕದೇವರಾಜ ಒಡೆಯರ ಕಾಲ, ಅಂದರೆ 1673ರಿಂದ 1704, ಮೈಸೂರಿನಲ್ಲಿ ಕನ್ನಡ ಮತ್ತೆ ಚಿಗುರಿದ ಕಾಲ. ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುವ ಕೆಲಸದಲ್ಲಿದ್ದ ಹೊನ್ನಮ್ಮ ಕಾವ್ಯ ಬರೆದಳು. ಗಂಡನ ಮನೆಯಲ್ಲಿ ಹೇಗಿರಬೇಕು ಎಂಬ ಬುದ್ಧಿವಾದ ಅದರಲ್ಲಿ ಜಾಸ್ತಿ, ಅದನ್ನು ಮುಚ್ಚಿಡುವುದು ಬೇಡ. ಆದರೆ ಅದರ ನಡುವೆಯೇ ಹೆಣ್ಣನ್ನು ಯಾಕೆ ಹೀಗಳೆಯುತ್ತೀರಿ, ನಿಮ್ಮನ್ನು ಹೆತ್ತವಳೂ ಹೆಣ್ಣಲ್ಲವೇ ಅಂತ ನೇರವಾಗಿ ಕೇಳುತ್ತಾಳೆ. ಮಳವಳ್ಳಿಯಿಂದ ಅವಳ ಯಳಂದೂರು ಎಷ್ಟು ದೂರ? ಮಕ್ಕಳಿಗೆ ಇದನ್ನು ಹೇಳಿದರೆ ಕಿವಿ ನೆಟ್ಟಗಾಗುತ್ತದೆ.

ಮಗ ಪಿಯುಸಿ ಸೈನ್ಸ್. ನೋಟ್ಸ್ ಪುಸ್ತಕದ ತುಂಬಾ ಚಿತ್ರ. ಚಿತ್ರ ಬಿಟ್ಟು ಓದು ಅಂದರೆ ಮುಖ ಊದಿಸಿಕೊಳ್ಳುತ್ತಾನೆ. ಪುನರುಜ್ಜೀವನದಲ್ಲಿ ಎರಡೂ ಒಟ್ಟಿಗಿತ್ತು ಅಂದಿರಿ. ಈ ಕಾಲದಲ್ಲಿ ನಡೆಯುತ್ತದಾ?
— ಕಬ್ಬು ಬೆಳೆಗಾರ, ಮದ್ದೂರು

ಮಗನನ್ನು ಬಯ್ಯಬೇಡಿ ಗೌಡ್ರೇ, ಎರಡು ಸಂಗತಿ ಹೇಳುತ್ತೇನೆ ಕೇಳಿ.

ವೆಸಾಲಿಯಸ್ ಪಾದುವಾ ಊರಿನಲ್ಲಿ ವೈದ್ಯ ಕಲಿಸುತ್ತಿದ್ದ. ಅಲ್ಲಿಯವರೆಗೆ ಪಾಠ ಹೇಗಿತ್ತು ಅಂದರೆ, ಮೇಷ್ಟ್ರು ಎತ್ತರದ ಕುರ್ಚಿಯಲ್ಲಿ ಕೂತು ಪುರಾತನ ಗ್ರೀಕ್ ವೈದ್ಯ ಗೇಲನ್‌ನ ಪುಸ್ತಕ ಓದುವುದು, ಕೆಳಗೆ ಕ್ಷೌರಿಕನೊಬ್ಬ ಹೆಣ ಕೊಯ್ಯುವುದು. ಓದುವವನು ಕೊಯ್ಯುವುದಿಲ್ಲ, ಕೊಯ್ಯುವವನು ಓದುವುದಿಲ್ಲ. ವೆಸಾಲಿಯಸ್ ಕುರ್ಚಿಯಿಂದ ಇಳಿದು ತಾನೇ ಚಾಕು ಹಿಡಿದ. ಪ್ರಾಣಿಗಳನ್ನು ಕೊಯ್ದು ನೋಡಿದ್ದ ಗೇಲನ್ ಮನುಷ್ಯನ ಕೆಳದವಡೆಯೂ ಎರಡು ಮೂಳೆ ಅಂತ ಬರೆದಿದ್ದ. ಇವನು ನೋಡಿದರೆ ಒಂದೇ ಮೂಳೆ. 1543ರಲ್ಲಿ, ಇನ್ನೂ 28ರ ವಯಸ್ಸಿನಲ್ಲಿ, ಪುಸ್ತಕ ಅಚ್ಚು ಹಾಕಿಸಿದ. ಆ ಪುಸ್ತಕದ ಜೀವವೇ ಚಿತ್ರ. ಮರದ ಹಲಗೆಗಳಲ್ಲಿ ಕೆತ್ತಿಸಿ, ಆಲ್ಪ್ಸ್ ಬೆಟ್ಟ ದಾಟಿಸಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಅಚ್ಚುಕೂಟಕ್ಕೆ ಕಳಿಸಿದ. ಕೊಪರ್ನಿಕಸ್ ಭೂಮಿ ಸುತ್ತುತ್ತದೆ ಎಂದು ಬರೆದ ಪುಸ್ತಕ ಬಂದದ್ದೂ ಅದೇ ವರ್ಷ.

ಇನ್ನೊಂದು ಗೆಲಿಲಿಯೋನದು. 1609ರ ಜುಲೈನಲ್ಲಿ ಇಂಗ್ಲೆಂಡಿನ ಹ್ಯಾರಿಯಟ್ ದುರ್ಬೀನಿನಲ್ಲಿ ಚಂದ್ರನನ್ನು ನೋಡಿ ಚಿತ್ರ ಗೀಚಿದ. ಬೆಳಕಿನ ಅಂಚು ಸೊಟ್ಟಂಬಟ್ಟ ಇದೆ ಅಂತ ಕಂಡಿತು, ಯಾಕೆ ಅಂತ ಹೊಳೆಯಲಿಲ್ಲ. ಕೆಲವೇ ತಿಂಗಳ ನಂತರ ಗೆಲಿಲಿಯೋ ನೋಡಿದ. ಅವನಿಗೆ ಚಿತ್ರಕಲೆ ಗೊತ್ತಿತ್ತು, ನೆರಳು ಹೇಗೆ ಬೀಳುತ್ತದೆ, ಉಬ್ಬು ತಗ್ಗು ಹೇಗೆ ಕಾಣುತ್ತದೆ ಅಂತ ಕೈಗೆ ಗೊತ್ತಿತ್ತು. ಕತ್ತಲ ಭಾಗದಲ್ಲಿ ಹೊಳೆಯುವ ಚುಕ್ಕೆ ಕಂಡ ಕೂಡಲೇ, ಇದು ಬಿಸಿಲು ಮೊದಲು ಬೀಳುವ ಬೆಟ್ಟದ ತುದಿ ಅಂತ ಹಿಡಿದುಬಿಟ್ಟ. 1610ರಲ್ಲಿ ಪುಸ್ತಕವೂ ಬಂತು. ಹ್ಯಾರಿಯಟ್ ದಡ್ಡನಲ್ಲ, ದೊಡ್ಡ ಗಣಿತಜ್ಞ. ಅವನಿಗೆ ಇಲ್ಲದಿದ್ದದ್ದು ಚಿತ್ರಕಾರನ ಕಣ್ಣು.

ಹಾಗಾಗಿ ಈ ಕಾಲದಲ್ಲಿ ನಡೆಯುತ್ತದಾ ಅಂದರೆ, ಖಂಡಿತ ನಡೆಯುತ್ತದೆ. ಗಿಡ, ಕೀಟಗಳ ಚಿತ್ರ ಬರೆಯುವವರು, ವೈದ್ಯಕೀಯ ಪುಸ್ತಕಕ್ಕೆ ಚಿತ್ರ ಬರೆಯುವವರು, ಕಟ್ಟಡದ ವಿನ್ಯಾಸ ಮಾಡುವವರು, ಎಲ್ಲರಿಗೂ ಈ ಎರಡೂ ಬೇಕು. ಚಿತ್ರಕಲೆಯನ್ನೇ ಓದುತ್ತೇನೆ ಅಂದರೆ ಮೈಸೂರಿನಲ್ಲೇ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಇದೆ, ಕಾವಾ ಅಂತ ಎಲ್ಲರೂ ಕರೆಯುತ್ತಾರೆ, ಒಂದು ದಿನ ಕರೆದುಕೊಂಡು ಹೋಗಿ ಅಲ್ಲಿನ ಮೇಷ್ಟ್ರುಗಳ ಹತ್ತಿರ ಮಾತಾಡಿಸಿ. ಹಾಗೇ ಜಗನ್ಮೋಹನ ಅರಮನೆಯ ಚಿತ್ರಗಳನ್ನೂ ತೋರಿಸಿ, ಅವಸರ ಮಾಡಬೇಡಿ, ಅವನು ಎಷ್ಟು ಹೊತ್ತು ನಿಲ್ಲುತ್ತಾನೋ ನಿಲ್ಲಲಿ.

ಅದಕ್ಕೆ ಮುಂಚೆ ಮನೆಯಲ್ಲೇ ಒಂದು ಕೆಲಸ ಕೊಡಿ. ಗದ್ದೆಯಿಂದ ಒಂದು ಕಬ್ಬಿನ ಜಲ್ಲೆ ತಂದು ಗಿಣ್ಣಿನ ಹತ್ತಿರ ಉದ್ದಕ್ಕೆ ಸೀಳಿ ಅವನ ಮುಂದೆ ಇಡಿ. ಕಣ್ಣು ಎಲ್ಲಿಂದ ಒಡೆಯುತ್ತದೆ,ಬೇರು ಎಲ್ಲಿಂದ ಹೊರಡುತ್ತದೆ, ಒಳಗಿನ ನಾರು ಗಿಣ್ಣಿನಲ್ಲಿ ಹೇಗೆ ತಿರುಗುತ್ತದೆ, ಕಂಡದ್ದನ್ನು ಕಂಡ ಹಾಗೆ ಬರೆದು ಹೆಸರು ಗುರುತಿಸಲಿ. ಬಯಾಲಜಿಯ ಪಾಠ ತಲೆಗೆ ಹತ್ತುತ್ತದೆ, ಚಿತ್ರವೂ ಬೆಳೆಯುತ್ತದೆ. ಬರೆದದ್ದರ ಒಂದು ಪ್ರತಿ ನಮ್ಮ ಪತ್ರಿಕೆಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.